ಗಂಟಲಿಗೆ ಬಿಟ್ಟ ಕೆಲಸ

ನಮ್ಮೂರಿನಲ್ಲಿ ಯಾರಾದರೂ ಬಿಕ್ಕಳಿಸಿದರೆ ನೀರು ಕೊಡುವುದಿಲ್ಲ, "ಯಾವ ಕೆಲಸ?" ಎಂದು ಕೇಳುತ್ತಾರೆ. ಒಬ್ಬರಿಗೆ ಒಂದು ಕೆಲಸ ಒಪ್ಪಿಸಿ ಬಂದು, ಅದು ನಮ್ಮ ಬೆನ್ನ ಹಿಂದೆ ಕೆಟ್ಟಿತೆಂದರೆ, ಒಪ್ಪಿಸಿ ಕಾಯುತ್ತಿರುವವರಿಗೆ ಬಿಕ್ಕಳಿಕೆ ಬರುತ್ತದೆ. ಕೆಲಸ ಸರಿಹೋದರೆ ನಿಲ್ಲುತ್ತದೆ, ಇಲ್ಲವೇ ಹಾಳಾಗಿ ಹೋಗಲಿ ಎಂದು ಮನಸಾರೆ ಕೈಬಿಟ್ಟರೆ ನಿಲ್ಲುತ್ತದೆ. ಕಣ್ಣೆದುರಿಗೇ ಕೆಟ್ಟ ಕೆಲಸಕ್ಕೆ ಮಾತ್ರ ಬರುವುದಿಲ್ಲ. ಅದನ್ನು ಹೇಳಲು ಬಾಯಿ ಇದೆಯಲ್ಲ. ಮೇಷ್ಟರು ಪಾಠದ ನಡುವೆ ಬಿಕ್ಕಳಿಸಿದರೆ ಮಕ್ಕಳು "ಸಾರ್, ಗ್ಯಾಸ್ ಬಂದಿಲ್ಲ" ಎಂದು ಕೂಗುತ್ತವೆ. ಧಾರೆಯೆರೆಯುವ ಹೊತ್ತಿನಲ್ಲಿ ಹೆಣ್ಣಿನ ತಂದೆ ಒಂದು ಸಲ 'ಹಿಕ್' ಅಂದರೆ ಸಾಕು, ನಾಲ್ಕು ಜನ ಅಡುಗೆಯವರ ಕಡೆ ಓಡುತ್ತಾರೆ. ನನ್ನ ಹೆಂಡತಿ ಸರ್ವಮಂಗಳ ಮದುವೆಗೆ ಮುಂಚೆ ಬಿಕ್ಕಳಿಸಿದ್ದೇ ಅಪರೂಪವಂತೆ. ನನ್ನನ್ನು ಕಟ್ಟಿಕೊಂಡ ಮೇಲೆ ಅವಳ ಗಂಟಲಿಗೆ ಬಿಡುವಿಲ್ಲ. ಕೊತ್ತಂಬರಿ ಸೊಪ್ಪು ತರಲು ಹೊರಟ ನಾನು ಕೆಂಚಪ್ಪನ ಹೋಟೆಲಿನ ಬೆಂಚಿನ ಮೇಲೆ ಕೂತ ಕ್ಷಣಕ್ಕೆ ಸರಿಯಾಗಿ ಅವಳಿಗೆ ಮನೆಯಲ್ಲಿ ಬಿಕ್ಕಳಿಕೆ ಶುರುವಾಗುತ್ತದೆ. ಹೀಗಾಗಿ ನಾನು ಅವಳಿಗೆ ಇಷ್ಟು ವರ್ಷದಲ್ಲಿ ಒಂದು ಸುಳ್ಳೂ ಹೇಳಿಲ್ಲ. ಹೇಳಿ ಪ್ರಯೋಜನವಿಲ್ಲ.

ನನ್ನ ಹೆಸರು ಚೆಲುವರಾಜ. ಹೆಸರಿಡುವ ಹೊತ್ತಿನಲ್ಲಿ ಮನೆಯ ಕರೆಂಟು ಹೋಗಿತ್ತಂತೆ. ಪುರಸಭೆಯ ಎದುರಿಗೆ ಜೆರಾಕ್ಸ್ ಅಂಗಡಿ ಇಟ್ಟುಕೊಂಡು, ಗಿರಾಕಿಗಳಿಲ್ಲದಾಗ ಒಂದು ಹಳೇ ಪುಸ್ತಕ ನೋಡಿಕೊಂಡು ಕಂಪ್ಯೂಟರಿಗೆ ಪ್ರೋಗ್ರಾಮ್ ಬರೆಯುವುದನ್ನು ಕಲಿತೆ. ಆ ಪುಸ್ತಕದಲ್ಲಿ 'ಕೆಲಸ ಕೆಟ್ಟರೆ ಏನು ಮಾಡಬೇಕು' ಎನ್ನುವ ಅಧ್ಯಾಯವೇ ಎಲ್ಲಕ್ಕಿಂತ ಉದ್ದವಿತ್ತು. ಕೆಡುವ ಹಾಗೆ ಬರೆಯುವವರಿಗೆ ತಾನೇ ಅದು ಬೇಕು ಎಂದು ಹಾರಿಸಿಬಿಟ್ಟೆ. ಇಷ್ಟಾದ ಮೇಲೆ ನನ್ನಂಥ ಬುದ್ಧಿವಂತ ಸುತ್ತಮುತ್ತ ಇಲ್ಲ ಎಂದು ನನಗೂ ಅನ್ನಿಸಿತು, ಪುರಸಭೆಯ ಅಧ್ಯಕ್ಷರಾದ ಶಾಂತಮಲ್ಲಪ್ಪನವರಿಗೂ ಅನ್ನಿಸಿತು.

"ಚೆಲುವರಾಜು, ನಮ್ಮೂರಿಗೊಂದು ವೆಬ್‌ಸೈಟ್ ಮಾಡಪ್ಪ. ಜನ ಮನೇಲಿ ಕೂತ್ಕೊಂಡೇ ಕೆಲಸ ಒಪ್ಪಿಸ್ಬೇಕು. ಬಿಸಿಲಲ್ಲಿ ಓಡಾಡೋದು ತಪ್ಪಲಿ" ಅಂದರು.

ಮಾಡಿದೆ. ಗ್ಯಾಸ್ ಬೇಕೆ, ಬಡಗಿ ಬರಬೇಕೆ, ನೆಂಟರಿಗೆ ಕರೆ ಹೋಗಬೇಕೆ, ಫೋನಿನಲ್ಲಿ ಬರೆದು ಒಂದು ಬಟನ್ ಒತ್ತಿದರೆ ಆಯಿತು. "ನಿಮ್ಮ ಕೆಲಸ ಒಪ್ಪಿಕೊಂಡಿದ್ದೇವೆ, ನಿಶ್ಚಿಂತೆಯಿಂದಿರಿ" ಎಂದು ತಕ್ಷಣ ಬರುತ್ತಿತ್ತು. ಆಮೇಲೆ ನನ್ನ ಪ್ರೋಗ್ರಾಮು ತೆರೆಮರೆಯಲ್ಲಿ ಒಂದೊಂದೇ ಕೆಲಸವನ್ನು ಎತ್ತಿಕೊಂಡು ಗ್ಯಾಸಿನವನಿಗೋ ಬಡಗಿಗೋ ಮುಟ್ಟಿಸುತ್ತಿತ್ತು. ಜನ ಮೆಚ್ಚಿಕೊಂಡರು. ಆದರೆ ಒಂದು ವಿಷಯ ನನಗಾಗಲಿ ಅಧ್ಯಕ್ಷರಿಗಾಗಲಿ ಹೊಳೆದಿರಲಿಲ್ಲ. ಜನ ಕೆಲಸ ಒಪ್ಪಿಸಿದ್ದು ವೆಬ್‌ಸೈಟಿಗೆ. ಅದನ್ನು ಗ್ಯಾಸಿನವನಿಗೆ ಒಪ್ಪಿಸಿದ್ದು ವೆಬ್‌ಸೈಟು. ವೆಬ್‌ಸೈಟಿಗೆ ಗಂಟಲಿಲ್ಲ. ಹಾಗಾಗಿ ಊರಿನ ಬಿಕ್ಕಳಿಕೆಯೆಲ್ಲ ಸೀದಾ ನನ್ನ ಗಂಟಲಿಗೆ ಬಂತು.

ಅಯ್ಯೋ, ಆ ಹದಿನೈದು ದಿನ ಯಾರಿಗೂ ಬೇಡ! ದಿನಕ್ಕೆ ನಲವತ್ತು, ಐವತ್ತು. ಮುದ್ದೆ ಬಾಯಿಗಿಟ್ಟರೆ ಹಿಕ್, ಚಪ್ಪಲಿ ಹಾಕಿಕೊಂಡರೆ ಹಿಕ್. ಮಾವನವರ ತಿಥಿಯ ದಿನ ಪಿಂಡದ ಮುಂದೆ ಕೂತು ಹನ್ನೊಂದು ಸಲ ಬಿಕ್ಕಳಿಸಿದೆ. ಸರ್ವಮಂಗಳ "ನಮ್ಮಪ್ಪ ಇದ್ದಿದ್ರೆ ಎದ್ದು ಹೋಗಿರೋರು" ಅಂದಳು. ಆಮೇಲೆ ಪ್ರೋಗ್ರಾಮಿಗೆ ಒಂದು ಉಪಾಯ ಕಲಿಸಿದೆ: ಕೆಲಸ ಕೆಟ್ಟರೆ ಮೂರು ಸಲ ಪ್ರಯತ್ನಿಸು, ಆಗಲೂ ಆಗದಿದ್ದರೆ ಒಪ್ಪಿಸಿದವರ ಫೋನಿಗೆ 'ನಿಮ್ಮ ಕೆಲಸ ಆಗಲಿಲ್ಲ' ಎಂದು ತಿಳಿಸು. ತಿಳಿದ ತಕ್ಷಣ ಬಿಕ್ಕಳಿಕೆ ಅವರದಾಗುತ್ತಿತ್ತು, ನಾನು ಪಾರಾಗುತ್ತಿದ್ದೆ. ಆದರೆ ನಮ್ಮೂರಿನ ಫೋನಿನ ಸಿಗ್ನಲ್ಲು ಗಾಳಿ ಬೀಸಿದರೆ ಹೋಗುತ್ತದೆ, ಬೀಸದಿದ್ದರೂ ಹೋಗುತ್ತದೆ. ತಿಳಿಸುವ ಕೆಲಸವೇ ಕೆಟ್ಟು ಮತ್ತೆ ನನಗೇ ಹಿಕ್.

ಒಂದು ಮಧ್ಯಾಹ್ನ, ತಟ್ಟೆಯ ಮುಂದೆ ಕೂತು ಸಾರು ಮೂಗಿಗೆ ಏರಿದ ಸಿಟ್ಟಿನಲ್ಲಿ, ಎಡಗೈಯಲ್ಲಿ ಒಂದು ಸಾಲು ಸೇರಿಸಿದೆ. 'ಏನೇ ಆದರೂ ಕೊನೆಗೆ ಆಯಿತು ಎಂದು ಬರೆದುಬಿಡು.' ನಾಳೆ ತೆಗೆದರಾಯಿತು ಎಂದುಕೊಂಡೆ. ತಟ್ಟನೆ ಬಿಕ್ಕಳಿಕೆ ನಿಂತಿತು. ಆಯಿತು ಎಂದು ಓದಿದ ಮೇಲೆ ಯಾರು ಕಾಯುತ್ತಾರೆ, ಕಾಯದವರಿಗೆ ಬಿಕ್ಕಳಿಕೆ ಎಲ್ಲಿಂದ ಬರಬೇಕು? ಅವತ್ತು ನಾನು ಮೂರು ಸಲ ಅನ್ನ ಹಾಕಿಸಿಕೊಂಡೆ. ಮಾರನೆಯ ದಿನ ಆ ಸಾಲು ನೆನಪಿಗೆ ಬರಲಿಲ್ಲ, ಅದರ ಮಾರನೆಯ ದಿನವೂ ಬರಲಿಲ್ಲ.

ಇನ್ನು ಪರೀಕ್ಷೆಗಳ ವಿಷಯ. ಅಧ್ಯಕ್ಷರು ಒಂದು ದಿನ ಸದಸ್ಯರನ್ನೆಲ್ಲ ಸೇರಿಸಿ, ಎಲ್ಲರ ಮುಂದೂ ಖಾರಾಬೂಂದಿ ಇಡಿಸಿ, "ಇದು ಸರಿಯಾಗಿ ನಡೀತಿದೆ ಅಂತ ಹೆಂಗಪ್ಪ ಗೊತ್ತಾಗುತ್ತೆ?" ಎಂದು ಕೇಳಿದರು. ನಾನು ಎದೆಯುಬ್ಬಿಸಿ ನಿಂತೆ. ದಿನಾ ಬೆಳಿಗ್ಗೆ ಏಳಕ್ಕೆ, ಯಾರ ಕೈಯೂ ಸೋಕದೆ, ನಲವತ್ತೊಂದು ಪರೀಕ್ಷೆಗಳು ತಾವಾಗಿಯೇ ನಡೆಯುತ್ತವೆ ಎಂದು ವಿವರಿಸಿದೆ. ಅವುಗಳ ಕೆಲಸ ಏನೆಂದರೆ, ಬೇಕೆಂದೇ ಒಂದು ಕೆಲಸವನ್ನು ಕೆಡಿಸಿ, ಕೆಟ್ಟಾಗ ಪ್ರೋಗ್ರಾಮು ಹೇಗೆ ನಡೆದುಕೊಳ್ಳುತ್ತದೆ ಎಂದು ನೋಡುವುದು. ಇಲ್ಲದ ಬೀದಿಯ ಇಲ್ಲದ ಮನೆಯ ಬೋಳೇಗೌಡ ಎನ್ನುವವನಿಗೆ ಆನೆ ಉಡುವ ಸೀರೆ ಬೇಕು ಎಂದು ಒಂದು ಕೆಲಸ. ಅದು ಖಂಡಿತ ಕೆಡುತ್ತದೆ. ಮೂರು ಸಲ ಪ್ರಯತ್ನವಾಯಿತೆ? ಆಯಿತು. ಬೋಳೇಗೌಡನಿಗೆ ತಿಳಿಸಿದೆವೆ? ತಿಳಿಸಿದೆವು. ಬೋಳೇಗೌಡ ಏನಂದ? "ತಿಳಿಯಿತು, ಸಂತೋಷ" ಅಂದ. ಹಾಗೆನ್ನಲು ಅವನಿಗೆ ನಾನೇ ಹೇಳಿಕೊಟ್ಟಿದ್ದೆ. ಎಲ್ಲ ಸರಿಯಿದ್ದರೆ ಪರದೆಯ ಮೇಲೆ ಹಸಿರು ಗೆರೆ, ತಪ್ಪಿದ್ದರೆ ಕೆಂಪು. ನನ್ನವು ನಲವತ್ತೊಂದೂ ಹಸಿರು. ನಿಜ ಹೇಳಬೇಕೆಂದರೆ ಮೊದಲು ಎರಡು ಕೆಂಪಾಗಿದ್ದವು. ಊಟದ ತಟ್ಟೆಯ ಮುಂದೆ ಆ ಸಾಲು ಸೇರಿಸಿದ ಮಾರನೆಯ ಬೆಳಿಗ್ಗೆ ಅವೂ ಹಸಿರಾದವು. ನಾನು ದೇವರ ಪಟಕ್ಕೆ ಒಂದು ಊದುಬತ್ತಿ ಹೆಚ್ಚಿಗೆ ಹಚ್ಚಿದೆ.

ಹೀಗೆ ಊರಿನಲ್ಲಿ ಬಿಕ್ಕಳಿಕೆ ನಿಂತು, ಜಗಳ ಶುರುವಾಯಿತು. ಬಡಗಿ ಬರಲಿಲ್ಲವೆಂದು ಇವರು, ಕರೆದೇ ಇಲ್ಲವೆಂದು ಅವನು. ಇವರು ಫೋನು ತೆಗೆದು 'ಆಯಿತು' ಎಂದು ಬರೆದಿರುವುದನ್ನು ತೋರಿಸಿದರೆ ಅವನು ತಲೆ ಕೆರೆದುಕೊಂಡು, ತನಗೇ ಮರೆವು ಬಂದಿರಬೇಕೆಂದು ಬ್ರಾಹ್ಮೀ ಎಲೆ ತಿನ್ನಲು ಶುರುಮಾಡಿದ. ಗೃಹಪ್ರವೇಶಕ್ಕೆ ಕರೆ ಕಳಿಸಿದರೂ ಬರಲಿಲ್ಲವೆಂದು ಶಾಂತಮಲ್ಲಪ್ಪನವರು ಸ್ವಂತ ಭಾಮೈದನ ಜೊತೆ ಮಾತು ಬಿಟ್ಟರು. ನಾನು ಎಲ್ಲರಿಗೂ ಬುದ್ಧಿ ಹೇಳುತ್ತಿದ್ದೆ. "ಮನುಷ್ಯರು ಮರೀತಾರೆ, ಮಿಷನ್ನು ಮರೆಯಲ್ಲ" ಎನ್ನುತ್ತಿದ್ದೆ. ಈಗ ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳೋಣ ಅನ್ನಿಸುತ್ತದೆ.

ನಮ್ಮ ಮನೆಯ ಗೋಡೆಯಾಚೆ ದೇವೀರಕ್ಕನ ಮನೆ. ದೇವೀರಮ್ಮ ಅವರ ಪೂರ್ತಿ ಹೆಸರು. ಐವತ್ತೆಂಟು ವರ್ಷ, ಒಂಟಿ ಜೀವ, ಕೆಲಸ ಬಟ್ಟೆ ಹೊಲಿಯುವುದು. ಊರಿನ ಮುಕ್ಕಾಲು ಪಾಲು ಮೈಗಳ ಅಳತೆ ಅವರಿಗೆ ಬಾಯಿಪಾಠ. ಎಡಗಣ್ಣು ಚಿಕ್ಕಂದಿನಲ್ಲೇ ಸಿಡುಬಮ್ಮ ಬಂದು ಹೋಗಿತ್ತು. ಉಳಿದ ಬಲಗಣ್ಣಿಗೆ ಎರಡು ವರ್ಷದಿಂದ ನಿಧಾನವಾಗಿ ಪೊರೆ ಕಟ್ಟುತ್ತಿತ್ತು. ಸೂಜಿಗೆ ದಾರ ಪೋಣಿಸಲು ದಾರಿಯಲ್ಲಿ ಹೋಗುವವರನ್ನು ಕರೆಯುತ್ತಿದ್ದರು. ನಮ್ಮೂರಿಗೆ ಕಣ್ಣಿನ ಡಾಕ್ಟರು ಬರುವುದು ವರ್ಷಕ್ಕೆ ಒಂದೇ ದಿನ. ಶಾಲೆಯಲ್ಲಿ ಶಿಬಿರ ಮಾಡಿ, ಮುಂಚೆಯೇ ಹೆಸರು ಕೊಟ್ಟ ಇಪ್ಪತ್ತು ಜನರನ್ನು ವ್ಯಾನಿನಲ್ಲಿ ಕರೆದುಕೊಂಡು ಹೋಗಿ, ಆಪರೇಶನ್ ಮಾಡಿಸಿ ಕಳಿಸುತ್ತಾರೆ. ಆ ವ್ಯಾನು ತಪ್ಪಿದರೆ ಇನ್ನೊಂದು ವರ್ಷ. ಇನ್ನೊಂದು ವರ್ಷ ಕಾದರೆ ದೇವೀರಕ್ಕನ ಕೈಗೆ ಬಟ್ಟೆ ಸಿಗುತ್ತದೆ, ಕಣ್ಣಿಗೆ ಸಿಗುವುದಿಲ್ಲ.

ಶಿಬಿರಕ್ಕೆ ಎರಡು ತಿಂಗಳಿರುವಾಗ ಅವರು ಒಂದು ಚೀಟಿ ಹಿಡಿದುಕೊಂಡು ಹೊರಟಿದ್ದರು. ನಾನು ಅಂಗಡಿಯಿಂದಲೇ ಕೂಗಿದೆ, "ಎಲ್ಲಿಗೆ ದೇವೀರಕ್ಕ?"

"ಹಾಲಿನ ವ್ಯಾನಿನ ಡ್ರೈವರ್ ಕೈಲಿ ಕೊಟ್ಟು ಕಳಿಸ್ತೀನಿ ಕಣಪ್ಪ, ಕಣ್ಣಾಸ್ಪತ್ರೆಗೆ ಹೆಸರು. ತಲುಪಲಿಲ್ಲ ಅಂದ್ರೆ ಬಿಕ್ಕಳಿಕೆ ಬರುತ್ತಲ್ಲ, ಮತ್ತೆ ಕಳಿಸ್ತೀನಿ."

"ಯಾವ ಕಾಲದಲ್ಲಿದೀರಾ! ಈ ವಯಸ್ಸಲ್ಲಿ ನಿಮ್ಮ ಗಂಟಲಿಗ್ಯಾಕೆ ತೊಂದ್ರೆ? ಬನ್ನಿ ಇಲ್ಲಿ, ನಾನು ಹಾಕ್ತೀನಿ" ಎಂದು ಕುರ್ಚಿ ಎಳೆದು ಕೂರಿಸಿದೆ. ಹೆಸರು, ವಯಸ್ಸು, ಬೀದಿ ಎಲ್ಲ ಬರೆದುಕೊಂಡೆ.

"ಯಾವ ಕಣ್ಣು?"

"ಉಳಿದಿರೋದು" ಅಂದರು.

ಹಾಗೆಯೇ ಬರೆದೆ. ಕೆಂಚಪ್ಪನ ಹೋಟೆಲಿನಲ್ಲಿ ಬೋಂಡ ಎಣ್ಣೆಗೆ ಬಿಡುವ ಹೊತ್ತು, ನನ್ನ ಗಮನ ಅರ್ಧ ಅಲ್ಲಿತ್ತು. ಬಟನ್ ಒತ್ತಿದೆ. ನಿಶ್ಚಿಂತೆಯಿಂದಿರಿ ಎಂದು ಬಂತು. ದೇವೀರಕ್ಕ ಆ ಪರದೆಯನ್ನು ಮೂಗಿನ ಹತ್ತಿರ ಹಿಡಿದುಕೊಂಡು ನೋಡಿದರು, ಏನೂ ಕಾಣಿಸಲಿಲ್ಲ. "ಸರಿ ಕಣೋ ಚೆಲುವ, ಇದು ನಿನ್ನ ಗಂಟಲಿಗೆ ಬಿಟ್ಟಿದ್ದು" ಅಂದು ಎದ್ದರು. ನಮ್ಮೂರಿನಲ್ಲಿ ಹೀಗಂದರೆ, ಇನ್ನು ಈ ಕೆಲಸಕ್ಕೆ ನಾನು ಕಾಯುವುದಿಲ್ಲ, ನನ್ನ ಬದಲು ನೀನು ಕಾಯಿ ಎಂದು ಅರ್ಥ. ಮಕ್ಕಳನ್ನು ಒಪ್ಪಿಸುವಾಗ ಬಿಟ್ಟರೆ ಜನ ಸುಲಭಕ್ಕೆ ಆಡುವ ಮಾತಲ್ಲ ಅದು. ನಾನು "ಆಯ್ತು ಆಯ್ತು" ಎಂದು ಬೋಂಡ ತಿನ್ನಲು ಓಡಿದೆ. ಮಾರನೆಯ ದಿನ ನೋಡಿದಾಗ ಅವರ ಹೆಸರಿನ ಮುಂದೆ 'ಆಯಿತು' ಎಂದಿತ್ತು.

ಅವತ್ತು ನಾನು ಹಾಕಿಕೊಂಡಿದ್ದ ಶರಟಿನ ವಿಷಯವನ್ನೂ ಹೇಳಿಬಿಡುತ್ತೇನೆ. ಒಂದೂಕಾಲು ವರ್ಷದ ಹಿಂದೆ, ಅಂದರೆ ಹೋದ ವರ್ಷದ ಶಿಬಿರಕ್ಕೂ ಮುಂಚೆ, ದೇವೀರಕ್ಕ ಹೊಲಿದುಕೊಟ್ಟ ತುಂಬುತೋಳಿನ ಬಿಳಿ ಶರಟು ಅದು. ಜೇಬು ಮಾತ್ರ ತಿಳಿನೀಲಿ. ಯಾರದೋ ಮಿಕ್ಕ ಬಟ್ಟೆ ಕೈಗೆ ಸಿಕ್ಕಿ, ಬಿಳಿಯೆಂದು ಹಚ್ಚಿಬಿಟ್ಟಿದ್ದರು. "ಹೆಂಗಿದೆಯೋ?" ಎಂದು ಕೇಳಿದ್ದಕ್ಕೆ "ಚೆನ್ನಾಗಿದೆ ದೇವೀರಕ್ಕ" ಅಂದಿದ್ದೆ. ಪಾಪ, ಬೇಜಾರು ಮಾಡಿಕೊಂಡಾರು ಎಂದು. ನಾನೊಬ್ಬನೇ ಅಲ್ಲ, ಅಧ್ಯಕ್ಷರ ಜುಬ್ಬಕ್ಕೆ ಹಳದಿ ಕಾಲರು ಬಂದಿತ್ತು, ಅವರೂ ಚೆನ್ನಾಗಿದೆ ಅಂದಿದ್ದರು.

ಶಿಬಿರದ ದಿನ ಬಂತು. ದೇವೀರಕ್ಕ ಬಾಕಿ ಬಟ್ಟೆಗಳನ್ನೆಲ್ಲ ಹೊಲಿದು ಮುಗಿಸಿ, ಮಿಷನ್ನಿನ ಮೇಲೆ ಹಳೇ ಸೀರೆ ಹೊದಿಸಿ, ತಲೆಗೆ ಎಣ್ಣೆ ಹಾಕಿ ಬಾಚಿಕೊಂಡು, ಒಂದು ಬ್ಯಾಗಿನಲ್ಲಿ ಎರಡು ಸೀರೆ, ಒಂದು ಲೋಟ ಇಟ್ಟುಕೊಂಡು ಬೆಳಿಗ್ಗೆಯೇ ಶಾಲೆಯ ಜಗಲಿಯಲ್ಲಿ ಕೂತಿದ್ದರು. ನಾನೂ ಸರ್ವಮಂಗಳಳೂ ಕಳಿಸಿಕೊಡಲು ಹೋಗಿದ್ದೆವು. ಲ್ಯಾಪ್‌ಟಾಪು ಬಗಲಲ್ಲೇ ಇತ್ತು. ಡಾಕ್ಟರಿಗೆ ನನ್ನ ಹಸಿರು ಗೆರೆಗಳನ್ನು ತೋರಿಸುವ ಆಸೆ. ಪಟ್ಟಿ ಓದುವವನು ಇಪ್ಪತ್ತು ಹೆಸರು ಓದಿದ. ದೇವೀರಮ್ಮ ಎನ್ನುವ ಹೆಸರು ಬರಲಿಲ್ಲ. ಇನ್ನೊಂದು ಸಲ ಓದಿಸಿದೆವು. ಬರಲಿಲ್ಲ.

"ಇವರ ಅರ್ಜಿನೇ ಬಂದಿಲ್ಲ ಸಾರ್" ಅಂದ.

"ಬಂದಿದೆ ಕಣ್ರೀ, ನೋಡಿ ಇಲ್ಲಿ, ಆಯಿತು ಅಂತಿದೆ" ಎಂದು ನಾನು ಪರದೆಯನ್ನು ಅವನ ಮುಖಕ್ಕೇ ಹಿಡಿದೆ.

ದೇವೀರಕ್ಕ ನನ್ನ ದನಿ ಬಂದ ಕಡೆ ತಿರುಗಿದರು. "ನಿಂಗೆ ಬಿಕ್ಕಳಿಕೆ ಬಂತೇನೋ ಚೆಲುವ?"

"ಇಲ್ಲ ದೇವೀರಕ್ಕ."

"ಒಂದು ಸಲಾನೂ?"

"ಇಲ್ಲ."

ಅವರು ಸಮಾಧಾನವಾಗಿ ಪಟ್ಟಿಯವನಿಗೆ ಹೇಳಿದರು, "ಹಂಗಾದ್ರೆ ನನ್ನ ಹೆಸರು ಅದರಲ್ಲಿದೆ ಕಣಪ್ಪ. ಇನ್ನೊಂದ್ಸಲ ಸರಿಯಾಗಿ ನೋಡು. ಇವನ ಗಂಟಲಿಗೆ ಬಿಟ್ಟಿದ್ದೆ ನಾನು."

ಆರು ತಿಂಗಳಿಂದ ಇಡೀ ಊರಿನ ಕೆಲಸಗಳು ನನ್ನ ಮೂಲಕ ಹೋಗುತ್ತಿವೆ, ನನಗೆ ಒಂದೇ ಒಂದು ಬಿಕ್ಕಳಿಕೆ ಬಂದಿಲ್ಲ. ಹೆಂಡತಿ ಕೊತ್ತಂಬರಿಗೆ ಕಳಿಸಿದರೆ ದಾರಿ ತಪ್ಪುವ ನಾನು, ಊರಿಗೆ ಊರೇ ಒಂದು ಕೆಲಸವನ್ನೂ ಕೆಡಿಸಲಿಲ್ಲ ಎಂದು ನಂಬಿಕೊಂಡಿದ್ದೆನಲ್ಲ! ಆಗ ಆ ಮಧ್ಯಾಹ್ನದ ಸಾರು ನೆನಪಾಯಿತು. ಅಲ್ಲೇ ಜಗಲಿಯ ಮೇಲೆ ಕೂತು ಆ ಸಾಲನ್ನು ಹುಡುಕಿದೆ. ಹಾಗೇ ಇತ್ತು. ಅಳಿಸಿದೆ.

ಪರದೆಯ ಮೇಲಿದ್ದ 'ಆಯಿತು'ಗಳೆಲ್ಲ ಒಂದೊಂದಾಗಿ 'ಆಗಿಲ್ಲ' ಎಂದು ತಿರುಗತೊಡಗಿದವು. ಆರುನೂರ ಹದಿಮೂರು. ದೇವೀರಕ್ಕನ ಅರ್ಜಿಯೂ ಅದರಲ್ಲಿತ್ತು. ಆಸ್ಪತ್ರೆಯವರ ಅರ್ಜಿಗೆ ಎಡ, ಬಲ, ಎರಡೂ, ಈ ಮೂರೇ ಉತ್ತರ ಗೊತ್ತು. 'ಉಳಿದಿರೋದು' ಎನ್ನುವ ಕಣ್ಣು ಅದಕ್ಕೆ ಗೊತ್ತಿರಲಿಲ್ಲ, ಎರಡು ತಿಂಗಳ ಹಿಂದೆಯೇ ವಾಪಸ್ಸು ಕಳಿಸಿತ್ತು. ಇಷ್ಟು ಓದುವಷ್ಟರಲ್ಲಿ ನನಗೆ ಬಂತು ನೋಡಿ! ಒಂದರ ಹಿಂದೆ ಒಂದು, ಉಸಿರಿಗೂ ಜಾಗವಿಲ್ಲ. ಲ್ಯಾಪ್‌ಟಾಪು ತೊಡೆಯಿಂದ ಜಾರಿತು, ಸರ್ವಮಂಗಳ ಹಿಡಿದುಕೊಂಡಳು. ಶಾಲೆಯ ಅಂಗಳದಲ್ಲಿದ್ದವರೆಲ್ಲ ಸುತ್ತ ನೆರೆದು, ಬಾಯಿಗೆ ಬಂದ ಒಂದೇ ಪ್ರಶ್ನೆ ಕೇಳಿದರು, "ಯಾವ ಕೆಲಸ? ಯಾವ ಕೆಲಸ?"

ಸರ್ವಮಂಗಳ ಪರದೆಯನ್ನು ಒಂದು ಗಳಿಗೆ ನೋಡಿದಳು, ನನ್ನನ್ನು ಒಂದು ಗಳಿಗೆ ನೋಡಿದಳು, ಆಮೇಲೆ ಗಟ್ಟಿಯಾಗಿ ಓದಲು ಶುರುಮಾಡಿದಳು. "ಕೆರೆಬೀದಿ ಮಾದಮ್ಮ, ಬಾಗಿಲಿಗೆ ಬಡಗಿ." ಹಿಕ್. "ಗರಡಿಮನೆ ಉಸ್ತಾದ್ರು, ಮಗಳಿಗೆ ಸೀಮಂತದ ಬಳೆ." ಹಿಕ್. "ಶಾಂತಮಲ್ಲಪ್ಪನೋರು, ಭಾಮೈದನಿಗೆ ಗೃಹಪ್ರವೇಶದ ಕರೆ." ಹಿಕ್. ಅಧ್ಯಕ್ಷರ ಮುಖ ಕಪ್ಪಿಟ್ಟಿತು. ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡು ಭಾಮೈದನ ಮನೆಯ ದಾರಿ ಹಿಡಿದರು. ಹೆಸರು ಕೇಳಿದವರು ಒಬ್ಬೊಬ್ಬರಾಗಿ ತಮ್ಮ ತಮ್ಮ ಕೆಲಸ ನೋಡಿಕೊಳ್ಳಲು ಓಡಿದರು. ಬಡಗಿ ಮಾತ್ರ ಬ್ರಾಹ್ಮೀ ಎಲೆ ಉಗಿದು, ನನ್ನ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತು, ಇಪ್ಪತ್ತು ಬಿಕ್ಕಳಿಕೆ ತೃಪ್ತಿಯಾಗುವಷ್ಟು ನೋಡಿ ಹೋದ.

ವ್ಯಾನಿನಲ್ಲಿ ಇಪ್ಪತ್ತು ಜನ ಕೂತಾಗಿತ್ತು. ಡಾಕ್ಟರಮ್ಮ ಪೆಟ್ಟಿಗೆ ಮುಚ್ಚಿ ಹತ್ತುವುದರಲ್ಲಿದ್ದರು. ಅವರು ಬೇರೆ ಕಡೆಯವರು, ನಮ್ಮೂರಿನ ಬಿಕ್ಕಳಿಕೆಯ ವಿಷಯ ಅವರಿಗೆ ತಿಳಿಯದು. ನನ್ನ ಸದ್ದು ಕೇಳಿ ಇಳಿದು ಬಂದರು.

"ಎಷ್ಟು ಹೊತ್ತಿಂದ ಹೀಗಿದೆ?"

ನಾನು ಆರು ಬೆರಳು ತೋರಿಸಿದೆ. ತಿಂಗಳು ಎಂದು ಹೇಳಲಾಗಲಿಲ್ಲ.

"ಆರು ಗಂಟೆಯಿಂದಾನಾ! ಇದನ್ನ ಹೀಗೆ ಬಿಟ್ಟು ಹೋಗೋಕಾಗಲ್ಲ. ನಾನು ಕಣ್ಣಿನ ಡಾಕ್ಟರು, ಆದ್ರೂ ಡಾಕ್ಟರು ತಾನೇ" ಎಂದು ವ್ಯಾನು ನಿಲ್ಲಿಸಿದರು. ನಾಲಿಗೆಯ ಮೇಲೆ ಸಕ್ಕರೆ ಹಾಕಿದರು. ಕಾಗದದ ಚೀಲದಲ್ಲಿ ಉಸಿರಾಡಿಸಿದರು. ಬೆನ್ನಿಗೆ ಗುದ್ದಿದರು. ಕಿವಿ ಮುಚ್ಚಿಸಿ ನೀರು ಕುಡಿಸಿದರು. ಆ ನೀರು ನೀಲಿ ಜೇಬಿನ ಮೇಲೆಲ್ಲ ಚೆಲ್ಲಿತು. ವ್ಯಾನಿನೊಳಗಿದ್ದವರು ಇಳಿದು ಬಂದು ಜಗಲಿಯ ಮೇಲೆ ಕೂತು ನೋಡಿದರು. ಸರ್ವಮಂಗಳ ಓದುತ್ತಲೇ ಇದ್ದಳು, ಊರು ಓಡುತ್ತಲೇ ಇತ್ತು, ಒಂದೊಂದು ಕೆಲಸ ಅದರದರ ಯಜಮಾನರ ಕೈಸೇರಿದಂತೆ ನನ್ನ ಬಿಕ್ಕಳಿಕೆ ಒಂದೊಂದು ಕಡಿಮೆಯಾಗುತ್ತಿತ್ತು. ಡಾಕ್ಟರಮ್ಮ ಅದು ಸಕ್ಕರೆಯ ಗುಣ ಎಂದುಕೊಂಡರು.

ಮಧ್ಯಾಹ್ನದ ಹೊತ್ತಿಗೆ ಒಂದೇ ಒಂದು ಉಳಿಯಿತು. ನಿಮಿಷಕ್ಕೊಂದು ಸಲ, ಎದೆಯ ಬುಡದಿಂದ ಎದ್ದು ಬರುತ್ತಿತ್ತು. ಸರ್ವಮಂಗಳ ಆ ಹೆಸರನ್ನು ಓದಲಿಲ್ಲ. ಓದುವುದು ಬೇಕಿರಲಿಲ್ಲ. ದೇವೀರಕ್ಕ ಜಗಲಿಯ ಕೊನೆಯಲ್ಲಿ ಬ್ಯಾಗನ್ನು ಮಡಿಲಲ್ಲಿಟ್ಟುಕೊಂಡು, ಯಾರನ್ನೂ ಬಯ್ಯದೆ ಕೂತಿದ್ದರು. ಬೈದಿದ್ದರೆ ನನಗೆ ಎಷ್ಟೋ ಹಿತವಾಗುತ್ತಿತ್ತು.

"ಇವರು ಆ ಅಮ್ಮನ ಕಡೆ ನೋಡ್ದಾಗಲೆಲ್ಲ ಬರುತ್ತಲ್ಲ, ಯಾಕೆ?" ಅಂದರು ಡಾಕ್ಟರಮ್ಮ. ನಾನು ಕೈಯೆತ್ತಿ ದೇವೀರಕ್ಕನ ಬಲಗಣ್ಣು ತೋರಿಸಿದೆ. ನನ್ನ ಕಣ್ಣಿನಲ್ಲಿ ನೀರು ಸುರಿಯುತ್ತಿತ್ತು, ಬಿಕ್ಕಳಿಕೆಗೆ ಬಂದದ್ದೇ ಎಂದು ಅಲ್ಲಿದ್ದವರು ತಿಳಿದಿರಬಹುದು. ಡಾಕ್ಟರಮ್ಮ ಹೋಗಿ ದೇವೀರಕ್ಕನ ಗಲ್ಲ ಎತ್ತಿ, ಟಾರ್ಚು ಹಾಕಿ ನೋಡಿದರು. ಬಹಳ ಹೊತ್ತು ನೋಡಿದರು.

"ಇವರನ್ನ ಹೆಂಗ್ರೀ ಬಿಟ್ರಿ? ಇರೋದೊಂದು ಕಣ್ಣು, ಪೂರ್ತಿ ಬಲಿತಿದೆ. ಹೋದ ವರ್ಷಾನೇ ಬರ್ಬೇಕಿತ್ತು." ಆಮೇಲೆ ಡ್ರೈವರಿಗೆ ಹೇಳಿದರು, "ಮುಂದಿನ ಸೀಟಲ್ಲಿರೋ ನನ್ನ ಪೆಟ್ಟಿಗೇನ ವ್ಯಾನಿನ ಮೇಲೆ ಕಟ್ಟು. ಈ ಅಮ್ಮ ಅಲ್ಲಿ ಕೂರ್ಲಿ, ನಾನು ಹಿಂದೆ ಒತ್ತರಿಸ್ಕೊಂಡು ಕೂರ್ತೀನಿ."

ದೇವೀರಕ್ಕ ಹತ್ತಿ ಕೂತರು. ವ್ಯಾನು ಹೊರಟು ಶಾಲೆಯ ಗೇಟು ದಾಟುತ್ತಿದ್ದ ಹಾಗೆ ನನ್ನ ಗಂಟಲು ಸುಮ್ಮನಾಯಿತು. ಊರಿನವರು "ಹಾ, ನಿಂತಿತು" ಎಂದು ಎದ್ದರು. ನನಗೆ ನಂಬಿಕೆ ಬರಲಿಲ್ಲ. ಈ ಗಂಟಲು ಸುಮ್ಮನಿದ್ದದ್ದನ್ನು ಆರು ತಿಂಗಳು ನಂಬಿ ಆಗಿದ್ದ ಕಥೆ ಕಣ್ಣೆದುರಿಗೇ ಇತ್ತಲ್ಲ. ಪಂಚೆ ಎತ್ತಿ ಕಟ್ಟಿಕೊಂಡು ವ್ಯಾನಿನ ಹಿಂದೆ ಓಡಿದೆ. ಸೇತುವೆ ಹತ್ತಿ, ಕಿಟಕಿಯಲ್ಲಿ ದೇವೀರಕ್ಕನ ಬಿಳಿ ತಲೆ ಕಾಣುವವರೆಗೂ ಓಡಿ, ಕಂಡ ಮೇಲೆ ಸೇತುವೆಯ ಕಟ್ಟೆಯ ಮೇಲೆ ಕೂತುಬಿಟ್ಟೆ.

ಆಮೇಲೆ ಊರಿನವರು ನನ್ನನ್ನು ಏನು ಮಾಡಿದರು ಎಂದು ಕೇಳಬೇಡಿ. ವೆಬ್‌ಸೈಟು ಮುಚ್ಚಿ ಎಂದು ಅರ್ಧ ಜನ, ಚೆಲುವರಾಜನನ್ನು ಮುಚ್ಚಿ ಎಂದು ಇನ್ನರ್ಧ. ಕೊನೆಗೆ ಸಭೆಯಲ್ಲಿ ಸರ್ವಮಂಗಳ ಎದ್ದು ನಿಂತು, "ಇವರ ಪರೀಕ್ಷೆಲಿ ಕೆಡೋದೆಲ್ಲ ಯಾರ್ಗೂ ಬೇಡದ ಕೆಲಸ. ಆನೆ ಸೀರೆ ಬರ್ಲಿಲ್ಲ ಅಂತ ಯಾರ್ಗೆ ಬಿಕ್ಕಳಿಕೆ ಬರುತ್ತೆ? ಇವರಿಗೆ ನಿಜವಾಗ್ಲೂ ಬೇಕಾಗಿರೋದನ್ನ ಕೆಡಿಸಿ, ಆಗ ಗೊತ್ತಾಗುತ್ತೆ" ಅಂದಳು. ಖಾರಾಬೂಂದಿಯ ಮುಂದೆ ಕೂತಿದ್ದ ಯಾರಿಗೂ ಹೊಳೆಯದ ಮಾತು. ಅವತ್ತೇ ನಾನು ನಲವತ್ತೊಂದನ್ನೂ ಅಳಿಸಿ, ಬೋಳೇಗೌಡನಿಗೆ ಕೈಮುಗಿದು ಕಳಿಸಿ, ಒಂದೇ ಒಂದು ಪರೀಕ್ಷೆ ಬರೆದೆ. ದಿನಾ ಬೆಳಿಗ್ಗೆ ಏಳಕ್ಕೆ ಪ್ರೋಗ್ರಾಮು ನನ್ನ ಹೆಸರಿನಲ್ಲಿ ಒಂದು ಲೋಟ ಕಾಫಿ ಕೇಳುತ್ತದೆ, ಕೆಂಚಪ್ಪನ ಹೋಟೆಲಿನ ಬದಲು ಇಲ್ಲದ ಹೋಟೆಲಿಗೆ ಹೋಗಿ ಕೆಡುತ್ತದೆ. ಎದ್ದ ಮೇಲೆ ಕಾಫಿಯಿಲ್ಲದೆ ನಾನು ಮನುಷ್ಯನೇ ಅಲ್ಲ. ಬರುವುದಿಲ್ಲವೆಂದು ಗೊತ್ತಿದ್ದರೂ ಗಂಟಲು ಕಾಯುತ್ತದೆ. ಹಿಕ್, ಹಿಕ್, ಹಿಕ್. ಆಮೇಲೆ ಫೋನಿಗೆ 'ನಿಮ್ಮ ಕಾಫಿ ಆಗಲಿಲ್ಲ' ಎಂದು ಬರುತ್ತದೆ, ಸರ್ವಮಂಗಳ ಒಲೆ ಹಚ್ಚುತ್ತಾಳೆ. ಬೀದಿಯವರೆಲ್ಲ ಕಿವಿಗೊಟ್ಟು ಮೂರು ಎಣಿಸಿಕೊಂಡ ಮೇಲೆಯೇ ಅವತ್ತಿನ ಕೆಲಸಗಳನ್ನು ಒಪ್ಪಿಸುತ್ತಾರೆ. ಮೊದಲ ವಾರ ಒಂದು ದಿನ ತಡೆಯಲಾರದೆ ಆರೂವರೆಗೇ ಹಿತ್ತಿಲ ಬಾಗಿಲಿನಿಂದ ಹೋಗಿ ಕೆಂಚಪ್ಪನಲ್ಲಿ ಕುಡಿದು ಬಂದೆ. ಏಳಕ್ಕೆ ಬಿಕ್ಕಳಿಕೆ ಬರಲಿಲ್ಲ. ಏಳೂ ಹತ್ತಕ್ಕೆ ಮನೆಯ ಮುಂದೆ ಮೂವತ್ತು ಜನ ನಿಂತಿದ್ದರು.

ದೇವೀರಕ್ಕ ಹತ್ತು ದಿನಕ್ಕೆ ಕಪ್ಪು ಕನ್ನಡಕ ಹಾಕಿಕೊಂಡು ಬಂದಿಳಿದರು. ಇಡೀ ಬೀದಿ ಎದುರುಗೊಂಡಿತು. ಅವರು ಕನ್ನಡಕ ತೆಗೆದು ಒಬ್ಬೊಬ್ಬರನ್ನೇ ನೋಡುತ್ತ ಬಂದು, ನನ್ನ ಮುಂದೆ ನಿಂತರು. ಬಯ್ಗುಳಕ್ಕೆ ತಯಾರಾಗಿ ತಲೆ ತಗ್ಗಿಸಿದೆ. ಅವರು ನೋಡುತ್ತಿದ್ದದ್ದು ನನ್ನ ಎದೆಯನ್ನು.

"ಇದ್ಯಾವ ಮುಂಡೇದೋ ಹೊಲಿದಿದ್ದು, ಬಿಳೀ ಶರಟಿಗೆ ನೀಲಿ ಜೇಬು?"

ಅವರು ಹತ್ತಿರ ಬಂದು ಜೇಬಿನ ಅಂಚು ಮಡಿಸಿ, ಹೊಲಿಗೆಯನ್ನು ಬೆರಳಿನಿಂದ ಮುಟ್ಟಿ ನೋಡಿದರು. ತಮ್ಮ ಕೈ ತಮಗೆ ಗೊತ್ತಾಗದೆ ಇರುತ್ತದೆಯೆ. ತಲೆಯೆತ್ತಿ ಸುತ್ತ ನೋಡಿದರು. ಅಧ್ಯಕ್ಷರು ಹಳದಿ ಕಾಲರನ್ನು ಟವೆಲಿನಿಂದ ಮುಚ್ಚಿಕೊಳ್ಳುತ್ತಿದ್ದರು.

"ಇದನ್ನ ಹೊಲಿದಾಗ ಹೋದ ವರ್ಷದ ಶಿಬಿರ ಇನ್ನೂ ಬಂದಿರ್ಲಿಲ್ಲ. ಹೆಂಗಿದೆ ಅಂತ ನಿನ್ನನ್ನ ಕೇಳಿದ್ದೆ ಚೆಲುವ. ಎಲ್ಲಾರ್ನೂ ಕೇಳಿದ್ದೆ. ಚೆನ್ನಾಗಿದೆ ಅಂದ್ರಿ, ನನ್ನ ಕಣ್ಣು ಇನ್ನೂ ಗಟ್ಟಿಯಾಗಿದೆ ಅನ್ಕೊಂಡೆ. ಅವತ್ತು ಒಬ್ಬರು ಹೇಳಿದ್ರೆ ಅದೇ ವ್ಯಾನು ಹತ್ತಿರ್ತಿದ್ದೆ." ನೀಲಿ ಜೇಬನ್ನು ಬೆರಳಿನಲ್ಲಿ ಜಗ್ಗಿದರು. ಕೋಪವೋ ದುಃಖವೋ ತಿಳಿಯಲಿಲ್ಲ. "ಕಣ್ಣೆದುರಿಗೆ ತಪ್ಪಾಗಿರೋದನ್ನ ತಪ್ಪು ಅನ್ನೋಕೂ ನಿಮ್ಗೆ ಬಿಕ್ಕಳಿಕೆ ಬರ್ಬೇಕೇನ್ರೋ?"

ನನಗೆ ಆ ಸಾಲು ಬರೆದದ್ದಕ್ಕಿಂತ ಈ ಮಾತಿಗೆ ಹೆಚ್ಚು ನಾಚಿಕೆಯಾಯಿತು. ಅವತ್ತು ಪ್ರೋಗ್ರಾಮೂ ಇರಲಿಲ್ಲ, ಸಿಗ್ನಲ್ಲೂ ಇರಲಿಲ್ಲ, ನನ್ನ ಬಾಯಿ ಇತ್ತು. ದೇವೀರಕ್ಕ ಅಲ್ಲೇ ಬೀದಿಯಲ್ಲಿ ನನ್ನ ಶರಟು ಬಿಚ್ಚಿಸಿಕೊಂಡು ಒಳಗೆ ಹೋದರು. ನಾನು ಬನಿಯನ್ನಿನಲ್ಲಿ ಮನೆಗೆ ಬಂದೆ.

ನಾಲ್ಕನೇ ದಿನ ಕರೆದರು. ಬಿಳಿ ಶರಟಿಗೆ ಬಿಳಿ ಜೇಬು, ನೂಲಿನಷ್ಟೂ ಓರೆಯಿಲ್ಲ. ತೋಳಿನ ಕಫ್ಫುಗಳನ್ನೂ ಬಿಚ್ಚಿ ಹೊಸದಾಗಿ ಹಚ್ಚಿದ್ದರು. ಹಾಕಿಕೊಂಡೆ. ಅವರು ಎರಡು ಹೆಜ್ಜೆ ಹಿಂದೆ ಸರಿದು, ಹೊಸ ಕಣ್ಣನ್ನು ಕಿರಿದು ಮಾಡಿ, "ಹೆಂಗಿದೆಯೋ?" ಎಂದು ಕೇಳಿದರು. ಮುಖದಲ್ಲಿ ಎಂಥ ಸಂತೋಷ! 'ಚೆನ್ನಾಗಿದೆ' ಎನ್ನುವುದು ನನ್ನ ನಾಲಿಗೆಯ ತುದಿಯವರೆಗೂ ಬಂದಿತ್ತು.

"ದೇವೀರಕ್ಕ," ಅಂದೆ, "ಎಡಗಡೆ ತೋಳು ಒಂದು ಬೆರಳು ಗಿಡ್ಡ ಇದೆ."

ಅವರ ಮುಖ ಸಣ್ಣಗಾಯಿತು. ಹತ್ತಿರ ಬಂದು, ಕೊರಳಿಗೆ ನೇತುಹಾಕಿಕೊಂಡಿದ್ದ ಟೇಪನ್ನು ನನ್ನ ಭುಜದಿಂದ ಮಣಿಕಟ್ಟಿನವರೆಗೆ ಹಿಡಿದರು. ಎರಡು ಸಲ ಅಳೆದರು.

"ಹೌದು" ಅಂದರು. "ಬಿಚ್ಚು."